90,000 ಕಿವಿಯೋಲೆ, ಕಾಲು ಎಂಬಿ ಜಾಗ

ಚಿಂತಾಮಣಿ ಕಡೆ ಹಳ್ಳಿಗಳಲ್ಲಿ ನೆಟ್‌ವರ್ಕ್ ನಂಬಿಕೊಂಡರೆ ಕೆಲಸ ಕೊಟ್ಟಿಗೆಯಲ್ಲೇ ನಿಲ್ಲುತ್ತದೆ. ಹಸುವಿನ ಕಿವಿಯೋಲೆಯ 12 ಅಂಕಿ ಒತ್ತಿದರೆ ಲಸಿಕೆ ವಿವರ ತೋರಿಸುವ ಕೈಮೆಷಿನ್ ಮಾಡಲು ನಾನು ಒಪ್ಪಿಕೊಂಡಿದ್ದು ಅದಕ್ಕೇ. ವಿವರ ಎಸ್‌ಡಿ ಕಾರ್ಡಿನಲ್ಲಿ. ಯಾವ ನಂಬರಿನ ವಿವರ ಕಾರ್ಡಿನಲ್ಲಿ ಎಲ್ಲಿದೆ ಅಂತ ಹೇಳುವ ಇಂಡೆಕ್ಸ್‌ಗೆ ಚಿಪ್‌ನಲ್ಲಿ ಉಳಿದದ್ದು 256 ಕೆಬಿ. 90,000 ನಂಬರುಗಳನ್ನು ತಲಾ 5 ಬೈಟಿಗೆ ಹಿಂಡಿದರೂ 450 ಕೆಬಿ ಬೇಕು.

"ದೊಡ್ಡ ಚಿಪ್ ಹಾಕಣ್ಣ, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀಯ" ಅಂದ ಬೋರ್ಡ್ ಮಾಡುವ ಹುಡುಗ. ಒಂದಕ್ಕೆ 170 ರೂಪಾಯಿ ಜಾಸ್ತಿ, 140 ಮೆಷಿನ್. ನನಗೆ ಉಳಿಯುತ್ತಿದ್ದುದೇ ಅಷ್ಟು!

ನಂಬರುಗಳನ್ನು ಇಟ್ಟುಕೊಳ್ಳದೆ, ಬರೀ ಲೆಕ್ಕದಿಂದ ಪ್ರತಿ ನಂಬರಿಗೂ ಬೇರೆ ಬೇರೆ ಜಾಗ ತೋರಿಸುವ ಸೂತ್ರಕ್ಕೆ ಪರ್ಫೆಕ್ಟ್ ಹ್ಯಾಶ್ ಅಂತಾರೆ. ಅದನ್ನು ಹುಡುಕಿಕೊಡುವ ಜಿಪರ್ಫ್ ಅನ್ನೋ ಪ್ರೋಗ್ರಾಮನ್ನು ಮೊದಲು ಓಡಿಸಿದೆ. ಚಿಕ್ಕ ಪಟ್ಟಿಯ ಸಾಧನ ಅದು, ತಪ್ಪು ನನ್ನದೇ. ಬೆಳಿಗ್ಗೆ ನೋಡಿದರೆ ಲ್ಯಾಪ್‌ಟಾಪ್ ಹ್ಯಾಂಗ್. ಆಮೇಲೆ, ನಂಬರುಗಳನ್ನು ಬಕೆಟ್ ಎಂಬ ಚಿಕ್ಕ ಗುಂಪುಗಳಾಗಿ ಒಡೆದು ಒಂದೊಂದೇ ಗುಂಪನ್ನು ಖಾಲಿ ಜಾಗಗಳಲ್ಲಿ ಕೂರಿಸುವ ಸಿಎಚ್‌ಡಿ ದಾರಿ ಹಿಡಿದೆ. ಬಕೆಟ್‌ಗೆ ಸರಾಸರಿ 5 ನಂಬರ್, ಬಕೆಟ್‌ಗೊಂದು 2 ಬೈಟಿನ ಸೀಡ್, ಅಂದರೆ ಆ ಗುಂಪು ಬೇರೆಯವಕ್ಕೆ ಡಿಕ್ಕಿಯಾಗದೆ ಕೂರುವಂತೆ ಹುಡುಕಿದ ಸಂಖ್ಯೆ. ದೊಡ್ಡ ಬಕೆಟ್ ಮೊದಲು ಕೂರಿಸಬೇಕು ಅನ್ನೋದನ್ನು ಮರೆತು ಬಂದ ಸಾಲಿನಲ್ಲೇ ಕೂರಿಸಿದ್ದೆ. ಕೊನೆಯಲ್ಲಿ ಉಳಿದ ಏಳೆಂಟು ನಂಬರಿನ ಬಕೆಟ್‌ಗಳು ಏನು ಮಾಡಿದರೂ ಕೂರಲಿಲ್ಲ. ಮೂರು ವಾರ ಹಾಳು. ಅಷ್ಟರಲ್ಲಿ ಕೈಬಿಟ್ಟ ಬೇರೆ ಕೆಲಸ ನಲವತ್ತು ಸಾವಿರದ್ದು. ದೊಡ್ಡದರಿಂದ ಶುರು ಮಾಡಿ, ಶೇ. 2ರಷ್ಟು ಖಾಲಿ ಜಾಗ ಬಿಟ್ಟ ಮೇಲೆ ಒಂದು ಟೀ ಕುಡಿಯೋ ಹೊತ್ತಿಗೆ ಮುಗಿಯಿತು. ಸೀಡ್‌ಗಳೆಲ್ಲ ಸೇರಿ 36 ಕೆಬಿ.

ಖುಷಿಯಲ್ಲಿ ಹಳ್ಳಿಗೆ ಹೋದೆ. ಒಂದು ಅಂಕಿ ತಪ್ಪು ಒತ್ತಿಬಿಟ್ಟೆ. ಎದುರಿಗೆ ಸೀಮೆ ಹಸು, ಪರದೆಯಲ್ಲಿ ಮುರ‍್ರಾ ಎಮ್ಮೆ. "ನಮ್ಮ ಗೌರಿ ಯಾವಾಗ ಎಮ್ಮೆ ಆದಳಪ್ಪಾ?" ಅಂತ ಅಜ್ಜಿ ನಕ್ಕರು. ಪಟ್ಟಿಯಲ್ಲಿ ಇಲ್ಲದ ನಂಬರಿಗೂ ಇದು ಯಾವುದೋ ಒಂದು ಜಾಗ ತೋರಿಸುತ್ತದೆ, ಗೊತ್ತಲ್ವಾ? ಹಾಗಾಗಿ ಪ್ರತಿ ಜಾಗಕ್ಕೂ ಅಲ್ಲಿ ಕೂತ ನಂಬರಿನಿಂದ ತೆಗೆದ 16 ಬಿಟ್ ಗುರುತು ಸೇರಿಸಿದೆ, ಒತ್ತಿದ ನಂಬರಿನ ಗುರುತು ಅದಕ್ಕೆ ಹೊಂದಬೇಕು. ಅದಕ್ಕೆ 184 ಕೆಬಿ. ಈಗ ತಪ್ಪು ನಂಬರ್ ನುಸುಳುವುದು 65,536ಕ್ಕೆ ಒಂದು ಸಲ.

ನಡುವೆ, ಸೀಡ್‌ಗಳ ಜಾಗ ಇನ್ನೂ ಇಳಿಸಲು ರೆಕ್‌ಸ್ಪ್ಲಿಟ್ ಅನ್ನೋ ಇನ್ನೊಂದು ಹ್ಯಾಶ್ ವಿಧಾನ ಕೂಡ ಹಚ್ಚಿ ನೋಡಿದೆ. ನಂಬರಿಗೆ 1.8 ಬಿಟ್‌ವರೆಗೆ ಇಳಿಯಿತು. ಆದರೆ 1.44ಕ್ಕಿಂತ ಕೆಳಗೆ ಯಾರಿಂದಲೂ ಆಗಲ್ಲ. ಅಂದರೆ ಎಷ್ಟು ಒದ್ದಾಡಿದರೂ ಆ 36 ಕೆಬಿಯಲ್ಲಿ ಉಳಿತಾಯ ಆಗುವುದು 20 ಕೆಬಿ. ಜಾಗ ನುಂಗುತ್ತಿರೋದು ಗುರುತು, ಹ್ಯಾಶ್ ಅಲ್ಲ. ಬಿಟ್ಟುಬಿಟ್ಟೆ.

ಒಂದೇ ಹ್ಯಾಶ್‌ನಿಂದ ಬಕೆಟ್, ಜಾಗ, ಗುರುತು ಮೂರನ್ನೂ ಹೇಗೆ ಕಿತ್ತೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಅನ್ನ. ಮೊದಲು ಕಾರ್ಡಿನಲ್ಲೇ ಬೈನರಿ ಹುಡುಕಾಟ, ಅಂದರೆ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕಾಟ, ಮಾಡಿದಾಗ 17 ಸಲ ಓದಬೇಕಿತ್ತು, ಈಗ ಒಂದೇ ಸಲ. ಬೋರ್ಡ್ ಹುಡುಗ ಮೊನ್ನೆ ಫೋನ್ ಮಾಡಿ, ಕುರಿ ಓಲೆಗೂ ಇದೇ ಹಾಕಿಕೊಡ್ತೀಯಾ ಅಣ್ಣಾ ಅಂತ ಕೇಳಿದ. ರೇಟ್ ಹೇಳಿದ್ದೇನೆ.