ಭಾನುವಾರದವರನ್ನು ಬಿಟ್ಟೆವು, ತೋಟ ಉಳಿಯಿತು

ಎರಡು ಮೇ ತಿಂಗಳು ದಾಟಿದವು. ನಮ್ಮ 11 ಟೆರೇಸ್ ತರಕಾರಿ ತೋಟಗಳಲ್ಲಿ ಒಂದೂ ಒಣಗಿಲ್ಲ. ಟೆರೇಸ್ ತೋಟ ಮಾಡಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ಶುರು ಮಾಡುವುದು ಯಾರಿಗಾದರೂ ಆಗುತ್ತದೆ. ಮುಂಬಯಿಯ ಮೇ ಬಿಸಿಲು, ಅದರ ಹಿಂದೆಯೇ ಬರುವ ಜುಲೈ ಮಳೆ, ಇವೆರಡನ್ನೂ ದಾಟಿಸಿ ಅದೇ ತೋಟವನ್ನು ಅಕ್ಟೋಬರ್‌ಗೆ ತಂದು ನಿಲ್ಲಿಸುವುದು ಕಷ್ಟ. ನಾವು ಅದನ್ನು ಶ್ರಮದಾನದ ಬದಲು ಸಂಬಳ ಕೊಟ್ಟು ಮಾಡಿಸಿದೆವು. "ದುಡ್ಡು ಕೊಟ್ಟು ಮಾಡಿಸಿದರೆ ಅದು ಸೇವೆ ಹೇಗಾಗುತ್ತೆ?" ಅಂತ ನನ್ನ ಜೊತೆಗಿನವರೇ ಕೇಳಿದ್ದರು. ಈಗ ಅವರೇ ಬೇರೆ ಬಿಲ್ಡಿಂಗಿನವರಿಗೆ ನಮ್ಮ ರೀತಿ ವಿವರಿಸುತ್ತಾರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕವೆಲ್ಲ ನೆನಪಿನಿಂದ ಹೇಳಿದ್ದು, ಸ್ವಲ್ಪ ಆಚೀಚೆ ಇರಬಹುದು.

ನಾವು ಐದು ಜನ. ನಾನು ಬ್ಯಾಂಕಿನಿಂದ ರಿಟೈರ್ ಆದವಳು, ಊರು ಕುಂದಾಪುರದ ಕಡೆ, ಮನೆ ಚೆಂಬೂರಿನಲ್ಲಿ. ಸಯನ್‌ನಲ್ಲಿ ಹೋಟೆಲ್ ನಡೆಸುವ ಶೆಟ್ಟರು ನಮಗೆಲ್ಲ ಅಣ್ಣ. ಸೇತುವೆ ಕಟ್ಟಿ ನಿವೃತ್ತರಾದ ಮರಾಠಿ ಇಂಜಿನಿಯರ್ ಒಬ್ಬರಿದ್ದಾರೆ, ಅವರು ಕಾಕಾ. ಘಾಟ್ಕೋಪರ್‌ನ ಗುಜರಾತಿ ಹೆಂಗಸೊಬ್ಬರು ಲೆಕ್ಕ ನೋಡಿಕೊಳ್ಳುತ್ತಾರೆ, ಅವರನ್ನು ಬೆನ್ (ಅಕ್ಕ) ಅನ್ನುತ್ತೇವೆ. ವಡಾಲದ ಕನ್ನಡ ಟೀಚರ್ ಒಬ್ಬರು ಬಿಲ್ಡಿಂಗಿನವರನ್ನು ಮಾತಾಡಿಸಿ ಒಪ್ಪಿಸುತ್ತಾರೆ. ಐವರೂ ಸೇರಿ ಟ್ರಸ್ಟ್ ಮಾಡಿದೆವು. ಬಿಲ್ಡಿಂಗಿನ ಹೌಸಿಂಗ್ ಸೊಸೈಟಿ ಒಪ್ಪಿದರೆ ಅವರ ಟೆರೇಸಿನಲ್ಲಿ ತರಕಾರಿ ತೋಟ ಎಬ್ಬಿಸಿಕೊಡುವುದು ನಮ್ಮ ಕೆಲಸ.

ಮೊದಲ ಎರಡು ವರ್ಷ ಎಲ್ಲರಂತೆ ನಾವೂ ಭಾನುವಾರದ ಶ್ರಮದಾನ ನಂಬಿದೆವು. 9 ಟೆರೇಸ್ ಶುರು ಮಾಡಿದೆವು, 7 ಸತ್ತವು. ಒಂದೊಂದಕ್ಕೆ 27 ಸಾವಿರದ ಹತ್ತಿರ ಬಿದ್ದಿತ್ತು. ವಾಶಿ ಮಾರ್ಕೆಟ್ಟಿನ ಹಳೇ ಹಣ್ಣಿನ ಕ್ರೇಟು, ಡ್ರಮ್ಮು, ಪೈಪು, ನೆರಳು ಬಲೆ, ಇಟ್ಟಿಗೆ, ಇದನ್ನೆಲ್ಲ ನಾಲ್ಕು ಮಹಡಿ ಹೊತ್ತು ತಂದ ಕೂಲಿ. ಲೆಕ್ಕ ಹಾಕಿ. 1 ಲಕ್ಷ 90 ಸಾವಿರ ಹೋಯಿತು. ಅದರಲ್ಲಿ ಅರ್ಧ ಅಣ್ಣನ ಜೇಬಿನದು.

ಮೊದಲ ಭಾನುವಾರ 32 ಜನ ಬರುತ್ತಿದ್ದರು. ಠಾಣೆಯಿಂದ, ಅಂಧೇರಿಯಿಂದ, ಪನ್ವೇಲ್‌ನಿಂದ. ಆರನೇ ವಾರಕ್ಕೆ ನಾಲ್ಕು. ಅವರನ್ನು ನಾನು ದೂರುವುದಿಲ್ಲ. ವಾರವಿಡೀ ಲೋಕಲ್‌ನಲ್ಲಿ ನಿಂತು ದುಡಿಯುವವರು. ಭಾನುವಾರ ಅಂದರೆ ಮೆಗಾ ಬ್ಲಾಕ್ ಬೇರೆ, ಹಳಿ ರಿಪೇರಿಗೆ ಅಂತ ಲೋಕಲ್ ಟ್ರೇನುಗಳನ್ನು ನಿಲ್ಲಿಸುತ್ತಾರೆ. ಆದರೆ ಗಿಡಕ್ಕೆ ಇದೆಲ್ಲ ಹೇಳಿದರೆ ಆಗುತ್ತದಾ? ಕ್ರೇಟಿನಲ್ಲಿರುವುದು ಒಂಬತ್ತು ಇಂಚು ಗೊಬ್ಬರ. ಏಪ್ರಿಲ್ ಬಿಸಿಲಿಗೆ ಎರಡು ದಿನ ನೀರು ತಪ್ಪಿದರೆ ಮುಗಿಯಿತು.

ಒಂದು ಟೆರೇಸ್ ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿನ ಸೆಕ್ರೆಟರಿ ಮೇ ರಜೆಗೆ ಊರಿಗೆ ಹೋದರು. ಟೆರೇಸಿನ ಕೀಲಿ ಅವರ ಕೀಲಿಗೊಂಚಲಿನಲ್ಲೇ ಹೋಯಿತು. ನಮಗೆ ಗೊತ್ತಾಗಿದ್ದು ನಾಲ್ಕನೇ ದಿನ. ದಿನಾ ಮೆಟ್ಟಿಲು ಹತ್ತಿ ಕಬ್ಬಿಣದ ಜಾಲರಿ ಬಾಗಿಲಿನ ಸಂದಿಯಿಂದ ನೋಡುತ್ತಿದ್ದೆ. ಡ್ರಮ್ಮಿನಲ್ಲಿ ನೀರಿದೆ, ಪೈಪ್ ಸುತ್ತಿ ಇಟ್ಟಿದೆ, ಹತ್ತು ಹೆಜ್ಜೆ ಆಚೆ ಬೆಂಡೆ ಗಿಡದ ಎಲೆ ಕೆಳಗೆ ಜೋತಿದೆ. ವಾಚ್‌ಮನ್ ಬಾಟಲಿಗೆ ತೂತು ಮಾಡಿ ಸಂದಿಯಿಂದ ನೀರು ಚಿಮ್ಮಿಸಿ ನೋಡಿದ. ಮೊದಲ ಎರಡು ಕ್ರೇಟಿಗೆ ಮಾತ್ರ ಮುಟ್ಟಿತು. ಒಂಬತ್ತನೇ ದಿನ ಬಾಗಿಲು ತೆಗೆದಾಗ 60 ಕ್ರೇಟಿನಲ್ಲಿ ಆ ಎರಡೇ ಹಸಿರು. ಉಳಿದವು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಅವತ್ತು ಮನೆಗೆ ಬಂದು ಅತ್ತಿದ್ದೇನೆ.

ಆ ಮಳೆಗಾಲ ಪೂರ್ತಿ ಏನೂ ಮಾಡದೆ ಬರೀ ಯೋಚಿಸಿದೆ. ನಮಗೆ ಮಾದರಿ ಮುಂಬಯಿ ಪೋರ್ಟ್ ಟ್ರಸ್ಟಿನ ಅಡುಗೆಮನೆಯ ಟೆರೇಸ್ ತೋಟ. ಕೇಟರಿಂಗ್ ಅಧಿಕಾರಿ ಪ್ರೀತಿ ಪಾಟೀಲ್ 2002ರ ಸುಮಾರಿಗೆ ಅಲ್ಲಿ ಶುರು ಮಾಡಿದ್ದು. ಅಡುಗೆಮನೆಯ ಕಸವೇ ಅಲ್ಲಿ ಗೊಬ್ಬರ. ಮುಂದೆ ಅದರಿಂದಲೇ ಅರ್ಬನ್ ಲೀವ್ಸ್ ಅನ್ನುವ ನಗರ ತೋಟಗಾರರ ಗುಂಪು ಬೆಳೆಯಿತು. ನಾವೆಲ್ಲ ಆ ತೋಟದ ಗೊಬ್ಬರ ನೋಡಿದೆವು, ಕಬ್ಬಿನ ಸಿಪ್ಪೆ ನೋಡಿದೆವು, ಸೆಗಣಿ, ಗೋಮೂತ್ರ, ಬೆಲ್ಲ ಕಲಸಿ ಮಾಡುವ ಅಮೃತ ಜಲದ ಅಳತೆ ಬರೆದುಕೊಂಡೆವು. ಜನರನ್ನು ನೋಡಲಿಲ್ಲ. ಅಲ್ಲಿ ತೋಟ ನೋಡಿಕೊಂಡವರು ಕ್ಯಾಂಟೀನಿನ ಕೆಲಸಗಾರರು. ದಿನಾ ಅದೇ ಕಟ್ಟಡಕ್ಕೆ ಬರುವವರು. ತೋಟಕ್ಕಾಗಿ ಯಾರೂ ಟ್ರೇನ್ ಹತ್ತಿ ಬರಬೇಕಾಗಿರಲಿಲ್ಲ. ಕೊಲ್ಹಾಪುರದ ಶ್ರೀಪಾದ ದಾಭೋಲ್ಕರ್ ಅವರ ಪ್ರಯೋಗ ಪರಿವಾರ ಅನ್ನುವ ರೈತರ ಬಳಗವೂ ಹೀಗೇ. ತನ್ನ ಜಾಗದಲ್ಲಿ ತಾನೇ ದಿನಾ ನೋಡಿ, ಮಾಡಿ, ಪಕ್ಕದವರಿಗೆ ಹೇಳುವುದು.

ಹಾಗಾದರೆ ನಮ್ಮ ಬಿಲ್ಡಿಂಗುಗಳಿಗೆ ದಿನಾ ಬರುವವರು ಯಾರು? ಮನೆಗೆಲಸದ ಬಾಯಿ, ಅಂದರೆ ಮನೆಗೆಲಸದ ಹೆಂಗಸರು. ಒಂದೇ ಬಿಲ್ಡಿಂಗಿನಲ್ಲಿ ನಾಲ್ಕೈದು ಮನೆ ಮಾಡುತ್ತಾರೆ. ವಾರಕ್ಕೆ ಆರು ದಿನ, ಮಳೆ ಬರಲಿ ಬಿಸಿಲಿರಲಿ. ಅವರಿಗೆ ಇನ್ನೊಂದು ಮನೆಯ ಲೆಕ್ಕದಲ್ಲಿ ಟೆರೇಸ್ ಕೊಟ್ಟರೆ?

ಅಣ್ಣನ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಮೀಟಿಂಗ್ ಮಾಡಿದೆವು. ಬೆನ್ ಒಪ್ಪಲಿಲ್ಲ. ದಾನ ಕೊಟ್ಟವರು ಕ್ರೇಟಿಗೆ, ಬೀಜಕ್ಕೆ ಅಂತ ಕೊಟ್ಟಿದ್ದಾರೆ, ಸಂಬಳಕ್ಕಲ್ಲ ಅಂದರು. ಕಾಕಾ, "ಕುಂಡದಲ್ಲಿ ಮೆಂತ್ಯ ಬೆಳೆಸಲು ಸಂಬಳವಾ?" ಅಂದರು. ಅಣ್ಣ ಮಾತ್ರ ಸುಮ್ನೆ ಕಾಫಿ ಕುಡಿದು, "ಅಕ್ಕ, ನನ್ನ ಹೋಟೆಲಲ್ಲಿ ಒಬ್ಬನೂ ಬಿಟ್ಟಿ ಕೆಲಸ ಮಾಡಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಆರಕ್ಕೆ ಇಡ್ಲಿ ಸಿಗುತ್ತೆ" ಅಂದರು. ಒಂದು ಟೆರೇಸಿಗೆ ಆರು ತಿಂಗಳ ಸಂಬಳ ನನ್ನ ಪೆನ್ಷನ್‌ನಿಂದ ಕೊಡುತ್ತೇನೆ ಅಂದೆ. ಅಷ್ಟಕ್ಕೆ ಒಪ್ಪಿದರು.

ನಮ್ಮದೇ ಬಿಲ್ಡಿಂಗಿನಲ್ಲಿ ಕೆಲಸ ಮಾಡುವವರನ್ನೇ ಕೇಳಿದೆ. ಅವರು ವಿಜಯಪುರ ಜಿಲ್ಲೆ ಇಂಡಿ ಕಡೆಯವರು. ಮೂರು ಎಕರೆ ಜೋಳದ ಹೊಲ ಬಿಟ್ಟು ಬಂದವರು. ಹೆಸರು ಬರೆಯುವುದು ಅವರಿಗೆ ಇಷ್ಟವಿಲ್ಲ, ನಾವು ಇಂಡಿ ಅಕ್ಕ ಅನ್ನುತ್ತೇವೆ. ದಿನಕ್ಕೆ ಒಂದು ಗಂಟೆ, ತಿಂಗಳಿಗೆ 1,800 ರೂಪಾಯಿ, ವಾರಕ್ಕೆ ಎರಡು ಸಲ ಸೊಪ್ಪು ಅವರ ಮನೆಗೆ.

ಮೊದಲ ವಾರವೇ ನಮ್ಮ ಎರಡು ವರ್ಷದ ತಪ್ಪು ತೋರಿಸಿದರು. ಕಬ್ಬಿನ ಹಾಲಿನ ಅಂಗಡಿಯ ಸಿಪ್ಪೆಯನ್ನು ನಾವು ಹಸಿಯಾಗಿಯೇ ಕ್ರೇಟಿಗೆ ತುಂಬುತ್ತಿದ್ದೆವು. ಇರುವೆ ಮುತ್ತುತ್ತಿತ್ತು, ಹುಳಿ ವಾಸನೆ ಬರುತ್ತಿತ್ತು, ಸಸಿ ಹಳದಿಯಾಗುತ್ತಿತ್ತು. ಗೋಮೂತ್ರ ಕಡಿಮೆಯಾಯಿತು ಅಂತ ನಾವು ಅದನ್ನೇ ಜಾಸ್ತಿ ಮಾಡುತ್ತಿದ್ದೆವು. ಅವರು ಒಂದು ಹಿಡಿ ಸಿಪ್ಪೆ ಎತ್ತಿ ಹಿಂಡಿದರು, ಬೆರಳು ನೆಕ್ಕಿ ನೋಡಿದರು. "ಅಕ್ಕಾರ, ಇದರಾಗ ಇನ್ನೂ ಸಕ್ಕರಿ ಐತ್ರಿ. ಇರಬಿ ಬರದ ಏನ್ ಮಾಡ್ತಾವ? ಮೊದ್ಲ ತೊಳೀರಿ, ಒಣಗಸ್ರಿ, ಆಮ್ಯಾಲ ಹಾಕ್ರಿ."

ಈಗ ಸಿಪ್ಪೆಯನ್ನು ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡುತ್ತೇವೆ. ಒಂದು ವಾರ ಒಣಗಿಸಿ, ಸಣ್ಣಗೆ ಕತ್ತರಿಸಿ, ಒಂದು ರಾತ್ರಿ ಅಮೃತ ಜಲದಲ್ಲಿ ಮುಳುಗಿಸುತ್ತೇವೆ. ಆಮೇಲೆ ರಸ್ತೆ ಬದಿಯ ಒಣ ಎಲೆ ಜೊತೆ ಪದರ ಹಾಕುತ್ತೇವೆ. ಅಮೃತ ಜಲದ ಅಳತೆ: 10 ಲೀಟರ್ ನೀರಿಗೆ ಒಂದು ಕೆಜಿ ಸೆಗಣಿ, ಒಂದು ಲೀಟರ್ ಗೋಮೂತ್ರ, 50 ಗ್ರಾಂ ಬೆಲ್ಲ, ಮೂರು ದಿನ. ಸೆಗಣಿ ತರುವುದು ದೇವಸ್ಥಾನದ ಎದುರು ಹಸು ಕಟ್ಟಿಕೊಂಡು ಹುಲ್ಲು ಮಾರುವ ಹೆಂಗಸರಿಂದ. ಒಂದು ಚೀಲಕ್ಕೆ 20 ರೂಪಾಯಿ. ನೆನೆಸುವ ನೀರಿಗೆ ಇಂಡಿ ಅಕ್ಕ ಇನ್ನೊಂದು ವಸ್ತು ಹಾಕುತ್ತಾರೆ. ಅದು ಅವರ ವಿದ್ಯೆ. ಅವರನ್ನು ಕೇಳದೆ ನಾನು ಬರೆಯುವ ಹಾಗಿಲ್ಲ.

ಎರಡನೇ ಬದಲಾವಣೆ ಕೀಲಿ. ಪ್ರತಿ ಟೆರೇಸಿಗೆ ಮೂರು ಕೀಲಿ. ಒಂದು ತೋಟ ನೋಡುವ ಬಾಯಿಯ ಹತ್ತಿರ, ಒಂದು ವಾಚ್‌ಮನ್ ಹತ್ತಿರ, ಒಂದು ಮೇಲಿನ ಮಹಡಿಯ ಅಜ್ಜಿಯೋ ಅಜ್ಜನೋ ಹತ್ತಿರ. ಮೇಲಿನ ಮಹಡಿಯವರೇ ಯಾಕೆ ಅಂದರೆ, ಹಪ್ಪಳ ಒಣಗಿಸಲು ಅವರು ಹೇಗೂ ಹೋಗುತ್ತಾರೆ. ಬಾಗಿಲ ಪಕ್ಕ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ನೀರು ಹಾಕಿದವರು ತಾರೀಕು ಬರೆದು ಗೆರೆ ಎಳೆಯಬೇಕು, ಅಷ್ಟೇ. ಆರು ತಿಂಗಳ ನೋಟ್‌ಬುಕ್ಕಿನಲ್ಲಿ ಗೆರೆಯಿಲ್ಲದ ದಿನ ಬರೀ ಐದಿದ್ದವು. ಅದನ್ನು ಬೆನ್ ಮುಂದೆ ಇಟ್ಟೆ. ಪುಟ ಪುಟ ತಿರುಗಿಸಿ ನೋಡಿದರು. ಮುಂದಿನ ತಿಂಗಳಿಂದ ಸಂಬಳದ ಚೀಟಿಗೆ ಅವರೇ ಸಹಿ ಹಾಕಿದರು.

ಈಗ ದುಡ್ಡಿನ ಮಾತು. 11 ಟೆರೇಸಿಗೆ ತಿಂಗಳ ಸಂಬಳ 19,800. ಒಂದು ಬಿಲ್ಡಿಂಗಿನಲ್ಲಿ ಸುಮಾರು 15 ಮನೆ ತಿಂಗಳಿಗೆ 100 ರೂಪಾಯಿ ಕೊಡುತ್ತವೆ. ಹದಿನಾರೂವರೆ ಸಾವಿರ ಅಲ್ಲೇ ಬಂತು. ಉಳಿದದ್ದು ದಾನದಿಂದ. ಕೊಟ್ಟ ಮನೆಗಳಿಗೆ ವಾರಕ್ಕೊಂದು ಕಟ್ಟು ಸೊಪ್ಪು. ಮಾರುವುದಿಲ್ಲ. ಒಮ್ಮೆ ಮಾರಿ ನೋಡಿದೆವು, ಯಾರ ಕಟ್ಟು ದೊಡ್ಡದು ಅಂತ ಜಗಳ ಶುರುವಾಯಿತು, ನಿಲ್ಲಿಸಿದೆವು. ಒಳ್ಳೇ ಕಾಲದಲ್ಲಿ ಒಂದು ಟೆರೇಸಿನಿಂದ ವಾರಕ್ಕೆ ನಾಲ್ಕೈದು ಕೆಜಿ ಸೊಪ್ಪು, ಎರಡು ಕೆಜಿ ಬೆಂಡೆ ಬದನೆ ಬರುತ್ತದೆ.

ಸೋರಿಕೆಯ ಭಯ ಎಲ್ಲ ಸೊಸೈಟಿಗೂ ಇದೆ. ಇದು ಕಾಕಾ ಅವರ ವಿಭಾಗ. ಒಂದು ಚದರ ಮೀಟರ್ ಜಾಗದಲ್ಲಿ ಒಂದಡಿ ಒದ್ದೆ ಮಣ್ಣು ಹಾಕಿದರೆ ಅರ್ಧ ಟನ್ ಆಗುತ್ತದೆ. ಅದಕ್ಕೇ ನಾವು ಮಣ್ಣು ಮುಟ್ಟುವುದಿಲ್ಲ. ಕ್ರೇಟು ಇಟ್ಟಿಗೆಯ ಮೇಲೆ, ಕೆಳಗೆ ಪೊರಕೆ ಹೋಗುವಷ್ಟು ಜಾಗ, ಸಾಲು ಯಾವಾಗಲೂ ತೊಲೆಯ ಮೇಲೆ. ಕಾಕಾ ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಡದೆ ಒಂದು ಕ್ರೇಟೂ ಮೇಲೆ ಹೋಗುವುದಿಲ್ಲ.

ಮಧ್ಯೆ ಬೇರೆ ಬೇರೆ ಪ್ರಯೋಗವೂ ನಡೆಯಿತು. ಊರಿಂದ ಮಟ್ಟುಗುಳ್ಳದ ಬೀಜ ತಂದು ಹಾಕಿದೆ. ಅದು ಉಡುಪಿ ಹತ್ತಿರದ ಮಟ್ಟುವಿನ ಬದನೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದ್ದು ಸುಮ್ನೆ ಅಲ್ಲ. ಗಿಡ ಬಂತು, ಕಾಯಿ ಬಂತು, ಆದರೆ ಸಿಪ್ಪೆ ದಪ್ಪ, ಸ್ವಲ್ಪ ಕಹಿ. ಮಟ್ಟುವಿನ ನೆಲ ಕ್ರೇಟಿನಲ್ಲಿ ಎಲ್ಲಿ ಸಿಗಬೇಕು? ಬಸಳೆ ಮಾತ್ರ ಗೆದ್ದಿತು. ಮಾಟುಂಗ ಮಾರ್ಕೆಟ್ಟಿನಲ್ಲಿ ಕೊಂಡ ಕಟ್ಟಿನ ದಂಟು ನೆಟ್ಟಿದ್ದು, ಲಿಫ್ಟ್ ರೂಮಿನ ಗೋಡೆ ಪೂರ್ತಿ ಹಬ್ಬಿತು. ಮರಾಠಿ ಮನೆಯವರು ಮಾಯಾಳು ಅಂತ ಒಯ್ಯುತ್ತಾರೆ. ಮೆಂತ್ಯ, ಕೊತ್ತಂಬರಿ ಮಳೆಗೆ ಕೊಳೆಯುತ್ತವೆ, ಅದಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಸಳೆ, ಕೆಸು, ಅರಿಶಿನ ಮಾತ್ರ. ಕೆಸುವಿನ ಎಲೆಗೆ ಶ್ರಾವಣದಲ್ಲಿ ಸಾಲು ನಿಲ್ಲುತ್ತದೆ. ನಮಗೆ ಪತ್ರೊಡೆ, ಮರಾಠಿಯವರಿಗೆ ಅಳುವಡಿ, ಬೆನ್‌ಗೆ ಪಾತ್ರಾ.

ಪಾರಿವಾಳಕ್ಕೆ ಹಳೇ ಸಿಡಿ ಕಟ್ಟಿದೆವು, ಬಣ್ಣದ ಕಾಗದ ಕಟ್ಟಿದೆವು. ನಾಲ್ಕು ದಿನ ಹೆದರಿದವು, ಐದನೇ ದಿನ ಅದರ ಮೇಲೇ ಕುಳಿತವು. ಈಗ ಬರುವುದಿಲ್ಲ. ಏನು ಮಾಡಿದೆವು ಅನ್ನುವುದನ್ನು ನಮ್ಮ ಟೆರೇಸಿಗೆ ಬಂದವರಿಗೆ ತೋರಿಸುತ್ತೇವೆ.

2017ರ ಅಕ್ಟೋಬರ್‌ನಿಂದ ದಿನಕ್ಕೆ 100 ಕೆಜಿಗಿಂತ ಜಾಸ್ತಿ ಹಸಿ ಕಸ ಮಾಡುವ ಸೊಸೈಟಿಗಳು ಅದನ್ನು ತಾವೇ ಗೊಬ್ಬರ ಮಾಡಬೇಕು ಅಂತ ಪಾಲಿಕೆ ಹೇಳಿತಲ್ಲ, ಅದು ನಮಗೂ ಅನುಕೂಲವೇ ಆಯಿತು. ದೊಡ್ಡ ಕಾಂಪ್ಲೆಕ್ಸುಗಳಲ್ಲಿ ಗೊಬ್ಬರ ರಾಶಿ ಬೀಳುತ್ತದೆ, ಹಾಕಲು ಜಾಗವಿಲ್ಲ. ಎರಡು ಕಡೆಯಿಂದ ನಾವು ಬಿಟ್ಟಿಯಾಗಿ ತರುತ್ತೇವೆ. ಟೆಂಪೋ ಅಣ್ಣನದು.

ಇಂಡಿ ಅಕ್ಕ ಈಗ ಉಳಿದ ಹತ್ತು ಬಾಯಿಯರಿಗೆ ಕಲಿಸುತ್ತಾರೆ. ಅದಕ್ಕೆ ಅವರಿಗೆ ಬೇರೆ 1,500 ಕೊಡುತ್ತೇವೆ. ಕಲಿಸುವುದು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ. ಹೋದ ತಿಂಗಳು ಟ್ರಸ್ಟಿನ ಮೀಟಿಂಗಿಗೆ ಅವರನ್ನೂ ಕರೆದೆವು. ಬೀಜದ ಖರ್ಚು ಓದುವಾಗ ನಡುವೆಯೇ ತಡೆದು, ಹರಿವೆ ಬೀಜ ದುಡ್ಡು ಕೊಟ್ಟು ತರುವುದು ಯಾಕೆ, ನಾಲ್ಕು ಗಿಡ ಬೀಜಕ್ಕೆ ಬಿಡಿ ಅಂದರು. ಬೆನ್ ಆ ಸಾಲು ಹೊಡೆದು ಹಾಕಿದರು.

ಈ ಅಕ್ಟೋಬರ್‌ಗೆ ಮೂರು ಹೊಸ ಬಿಲ್ಡಿಂಗಿನವರು ಕೇಳಿದ್ದಾರೆ. ಮೊದಲು ಮೂರು ಕೀಲಿ ಮಾಡಿಸಿಕೊಂಡು ಬನ್ನಿ ಅಂದಿದ್ದೇವೆ. ಎರಡು ಬಿಲ್ಡಿಂಗಿನವರು ತಂದುಕೊಟ್ಟಿದ್ದಾರೆ.