ಹೆದ್ದಾರಿ ಕಾಮಗಾರಿ: ಮೊದಲ ಫಲಕ ಎಲ್ಲಿ ನಿಲ್ಲಬೇಕು?

ಬೆಳಗಾವಿಯಿಂದ ಸಂಕೇಶ್ವರದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ರಸ್ತೆ ಕೆಲಸದವರಿಗೆ ಹೆಲ್ಮೆಟ್, ಹೊಳೆಯುವ ಪಟ್ಟಿಯ ಜಾಕೆಟ್ ಬೇಕೇ ಬೇಕು. ಆದರೆ ಮೇಸ್ತ್ರಿಯಾದವನು ಮೊದಲು ನೋಡಿಕೊಳ್ಳಬೇಕಾದದ್ದು ಕೆಲಸದ ಜಾಗಕ್ಕಿಂತ ನೂರಾರು ಮೀಟರ್ ಹಿಂದಿನ ರಸ್ತೆಯನ್ನು.

ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ ಎಸ್‌ಪಿ 55 ಮಾರ್ಗಸೂಚಿಯು ಕಾಮಗಾರಿ ವಲಯವನ್ನು ಮುನ್ನೆಚ್ಚರಿಕೆ, ಪಥ ಬದಲಾವಣೆ, ಕೆಲಸ ಮತ್ತು ಮುಕ್ತಾಯ ಎಂದು ನಾಲ್ಕು ಭಾಗ ಮಾಡುತ್ತದೆ. ವಾಹನಗಳು ಬರುವ ದಿಕ್ಕಿನಲ್ಲಿ ಅತಿ ದೂರದ ಫಲಕವನ್ನು ಮೊದಲು ನಿಲ್ಲಿಸಿ, ನಂತರ ವೇಗಮಿತಿಯ ಫಲಕ, ಆಮೇಲೆ ಓರೆಯಾಗಿ ಕೋನ್‌ಗಳ ಸಾಲು ಇಡುತ್ತಾ ಕೆಲಸದ ಜಾಗಕ್ಕೆ ಬರಬೇಕು. ಸಂಜೆ ತೆಗೆಯುವಾಗ ಕ್ರಮ ತಿರುಗುಮುರುಗಾಗಬೇಕು: ಮೊದಲು ಇಟ್ಟ ಫಲಕವೇ ಕೊನೆಗೆ ಬರಬೇಕು. ಮನೆಗೆ ಹೋಗುವ ಅವಸರದಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲಿಯೇ.

ಕೋನ್‌ಗಳ ಸಾಲು ಮುಗಿದ ನಂತರ, ಕೆಲಸ ಆರಂಭವಾಗುವ ಮೊದಲು, ಒಂದಿಷ್ಟು ರಸ್ತೆಯನ್ನು ಸಂಪೂರ್ಣ ಖಾಲಿ ಬಿಡಬೇಕು. ಹಾದಿ ತಪ್ಪಿ ನುಗ್ಗಿದ ವಾಹನ ನಿಲ್ಲಲೆಂದೇ ಇರುವ ಜಾಗವದು. ಆದರೆ ವಾಸ್ತವದಲ್ಲಿ ನೀರಿನ ಟ್ಯಾಂಕರ್ ನಿಲ್ಲುವುದೂ, ಖಡಿಯ ರಾಶಿ ಬೀಳುವುದೂ, ಮಧ್ಯಾಹ್ನ ಟಿಪ್ಪರ್‌ನ ನೆರಳಿನಲ್ಲಿ ಕೂಲಿಕಾರರು ರೊಟ್ಟಿಯ ಗಂಟು ಬಿಚ್ಚುವುದೂ ಅಲ್ಲಿಯೇ. ಊಟಕ್ಕೆ ಹೆದ್ದಾರಿಯ ಅಂಚಿನಾಚೆ ತಾಡಪತ್ರಿಯ ನೆರಳು ಕಟ್ಟಿಕೊಡುವುದು ದೊಡ್ಡ ಖರ್ಚೇನೂ ಅಲ್ಲ.

ಕೋನ್‌ಗಳ ಒಳಗೂ ಅಪಾಯವಿದೆ. ಹಿಂದಕ್ಕೆ ಬರುವ ಟಿಪ್ಪರ್‌ನ ಬೆನ್ನಿಗೆ ಬಗ್ಗಿ ಕೆಲಸ ಮಾಡುವವರು ಕನ್ನಡಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಸನ್ನೆ ಮಾಡಲು ಒಬ್ಬನನ್ನೇ ನೇಮಿಸಬೇಕು; ಅವನು ಕಣ್ಣಿಗೆ ಬೀಳದಿದ್ದ ಕ್ಷಣವೇ ಚಾಲಕ ಬ್ರೇಕ್ ಒತ್ತಬೇಕು.

ಕಬ್ಬು ಕಡಿಯುವ ಹಂಗಾಮಿನಲ್ಲಿ ರಾತ್ರಿ ಕೆಲಸಕ್ಕೆ ಹೆಚ್ಚಿನ ಎಚ್ಚರ ಬೇಕು. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳಿಂದ ಹೊರಚಾಚಿದ ಕಬ್ಬು ಕೋನ್‌ಗಳನ್ನು ಉರುಳಿಸುತ್ತದೆ. ಅವುಗಳನ್ನು ಆಗಾಗ ನೋಡಿ ನೆಟ್ಟಗೆ ನಿಲ್ಲಿಸಲು ಆಳೊಬ್ಬ ಇರಬೇಕು. ಎರೆಮಣ್ಣಿನ ಧೂಳು ಮೆತ್ತಿದ ಜಾಕೆಟ್‌ನ ಪಟ್ಟಿ ದೀಪಕ್ಕೆ ಹೊಳೆಯುವುದಿಲ್ಲವಾದ್ದರಿಂದ ಅದನ್ನು ಒರೆಸಿಯೇ ಕೆಲಸಕ್ಕಿಳಿಯಬೇಕು.

ವಿಜಯಪುರ, ಬಾಗಲಕೋಟೆಯ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದುಂಟು. ಹಾಸುವ ಡಾಂಬರು ಮಿಶ್ರಣದ ಬಿಸಿ 120 ಡಿಗ್ರಿಗಿಂತಲೂ ಹೆಚ್ಚು. ಹೀಗಾಗಿ ಹಾಸುವ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡು, ಗಂಟೆಗೊಮ್ಮೆಯಾದರೂ ನೀರು, ವಿಶ್ರಾಂತಿ ಕೊಡಬೇಕು. ಡಾಂಬರು ಸಿಡಿದು ಚರ್ಮಕ್ಕೆ ಅಂಟಿದರೆ ಸುಮಾರು 20 ನಿಮಿಷ ತಣ್ಣೀರು ಹರಿಸಬೇಕೇ ಹೊರತು ಕೀಳಲು ಹೋಗಬಾರದು. ಕಿತ್ತರೆ ಚರ್ಮವೂ ಬರುತ್ತದೆ. ಅದನ್ನು ತೆಗೆಯುವ ಕೆಲಸ ವೈದ್ಯರದು.