ಬಯಾಲಜಿ ಡಿಗ್ರಿ: ಖರ್ಚು, ಕೆಲಸ, ನಾನು ಹಾಕಿದ ಲೆಕ್ಕ

ಬಯಾಲಜಿ ಓದ್ತೀನಿ ಅಂದರೆ ಸುತ್ತಲಿನವರಿಗೆ ಹೊಳೆಯುವುದು ಎರಡೇ ದಾರಿ. ಡಾಕ್ಟರ್, ಇಲ್ಲದಿದ್ದರೆ ಟೀಚರ್. ನಾನು ಎರಡೂ ಆಗಲಿಲ್ಲ. ಔಷಧ ಪರೀಕ್ಷೆಗಳ ಡೇಟಾ ನೋಡುವ ಕೆಲಸದಲ್ಲಿದ್ದೇನೆ, ಇಷ್ಟಪಟ್ಟು ಮಾಡುತ್ತಿದ್ದೇನೆ. ಡಿಗ್ರಿಗೆ ಸೇರುವ ಮುಂಚೆ ಎಷ್ಟು ಖರ್ಚಾಗುತ್ತದೆ, ಕೊನೆಗೆ ಕೈಗೆ ಏನು ಸಿಗುತ್ತದೆ ಅಂತ ಕೂತು ಲೆಕ್ಕ ಹಾಕಿದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಲೇಜುಗಳ ಪಟ್ಟಿಯನ್ನು ಆಮೇಲೆ ನೋಡಿದೆ. ಮೊದಲು ನೋಡಿದ್ದು ಕೆಲಸದ ಜಾಹೀರಾತುಗಳನ್ನು. ಯಾವ ಡಿಗ್ರಿ ಕೇಳಿದ್ದಾರೆ, ಏನು ಮಾಡಲು ಬರಬೇಕು ಅಂದಿದ್ದಾರೆ ಅಂತ ಒಂದೊಂದರಲ್ಲೂ ಗುರುತು ಹಾಕುತ್ತಾ ಹೋದೆ. ಚಿತ್ರ ಬೇಗ ಸ್ಪಷ್ಟವಾಯಿತು. ಕ್ವಾಲಿಟಿ ಕಂಟ್ರೋಲ್ ಲ್ಯಾಬ್‌ಗಳಿಗೆ ಬ್ಯಾಚುಲರ್ ಡಿಗ್ರಿ ಸಾಕು, ಆದರೆ ಸಂಬಳ ನಿಧಾನವಾಗಿ ಏರುತ್ತದೆ. ಕ್ಲಿನಿಕಲ್ ಟ್ರಯಲ್ (ಮನುಷ್ಯರ ಮೇಲೆ ನಡೆಸುವ ಔಷಧ ಪರೀಕ್ಷೆ), ಔಷಧಕ್ಕೆ ಸರ್ಕಾರದ ಒಪ್ಪಿಗೆ ಪಡೆಯಲು ಬೇಕಾದ ರೆಗ್ಯುಲೇಟರಿ ದಾಖಲೆ, ಮೆಡಿಕಲ್ ರೈಟಿಂಗ್ ಕಡೆ ಹೋದರೆ ಚೆನ್ನಾಗಿ ಬರೆಯಲು ಬರಬೇಕು, ನಿಯಮಗಳನ್ನು ಸಾಲು ಬಿಡದೆ ಓದುವ ತಾಳ್ಮೆ ಬೇಕು. ಸ್ವಂತ ಸಂಶೋಧನೆ ನಡೆಸಬೇಕು ಅಂದರೆ ಪಿಎಚ್‌ಡಿ ಬೇಕೇ ಬೇಕು ಅನ್ನಬಹುದು. ಅದಾದ ಮೇಲೂ ಎಷ್ಟೋ ಜನ ಪೋಸ್ಟ್‌ಡಾಕ್ ಅಂತ ಇನ್ನಷ್ಟು ವರ್ಷ ತಾತ್ಕಾಲಿಕ ಹುದ್ದೆಯಲ್ಲೇ ಇರುತ್ತಾರೆ.

ಇನ್ನು ದುಡ್ಡು. ಖರ್ಚಿನ ಹಾಳೆಯಲ್ಲಿ ಫೀಸು ಒಂದು ಸಾಲು ಅಷ್ಟೆ. ಓದುವ ವರ್ಷಗಳಲ್ಲಿ ಸಿಗದೆ ಹೋಗುವ ಸಂಬಳವನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಎಷ್ಟೋ ಸಲ ಅದೇ ಫೀಸಿಗಿಂತ ಜಾಸ್ತಿ ಇರುತ್ತದೆ. ಬಯಾಲಜಿಯಲ್ಲಿ ಬ್ಯಾಚುಲರ್ ಒಂದಕ್ಕೇ ನಿಲ್ಲುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ, ಹಾಗಾಗಿ ಮಾಸ್ಟರ್ಸ್ ಖರ್ಚನ್ನೂ ಮೊದಲೇ ಬರೆದುಕೊಂಡೆ. ಕೊನೆಗೆ ಬಡ್ಡಿ. ವರ್ಷಕ್ಕೆ ಶೇಕಡ 10ರ ಚಕ್ರಬಡ್ಡಿಗೆ 100 ರೂಪಾಯಿ ಸಾಲ ತೆಗೆದು ಏನೂ ಕಟ್ಟದೆ ಬಿಟ್ಟರೆ 5 ವರ್ಷಕ್ಕೆ ಅದು 161 ಆಗುತ್ತದೆ. 7 ವರ್ಷಕ್ಕೆ ಹತ್ತಿರ ಹತ್ತಿರ ಎರಡರಷ್ಟು. ಬ್ಯಾಚುಲರ್ ಮುಗಿಸಿ ನೇರ ಮಾಸ್ಟರ್ಸ್‌ಗೆ ಹೋಗುವವರ ಸಾಲವೂ ಆ ವರ್ಷಗಳಲ್ಲೆಲ್ಲ ಬೆಳೆಯುತ್ತಲೇ ಇರುತ್ತದೆ ಅಲ್ವಾ? ಈ ಹಾಳೆ ನೋಡಿ ನಾನು ಗಟ್ಟಿ ಮಾಡಿಕೊಂಡೆ: ದೊಡ್ಡ ಹೆಸರಿನ ಹಿಂದೆ ಹೋಗಬಾರದು, ಫೀಸು ಕಡಿಮೆ ಇದ್ದು ಪ್ರಾಕ್ಟಿಕಲ್ ಚೆನ್ನಾಗಿ ಮಾಡಿಸುವ ಕಡೆ ಸೇರಬೇಕು. ಮಾಸ್ಟರ್ಸ್ ಮಾತು ಕೆಲಸ ಸಿಕ್ಕ ಮೇಲೆ.

ಸೇರುವ ಮುಂಚೆ ವಿಭಾಗದವರನ್ನೇ ಕೇಳಿದೆ. ಡಿಎನ್‌ಎ ತುಣುಕಿನ ನಕಲುಗಳನ್ನು ಮಾಡುವ ಪಿಸಿಆರ್ ಮಷೀನನ್ನು ವಿದ್ಯಾರ್ಥಿಗಳೇ ನಡೆಸುತ್ತಾರಾ, ದೂರ ನಿಂತು ನೋಡುತ್ತಾರಾ? ಹನಿಗಿಂತ ಕಡಿಮೆ ದ್ರವವನ್ನೂ ಅಳೆದು ಹಾಕುವ ಮೈಕ್ರೋಪಿಪೆಟ್ ಒಂದಕ್ಕೆ ಎಷ್ಟು ಜನ? ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ? ನೇರವಾಗಿ ಉತ್ತರ ಕೊಟ್ಟ ಕಡೆ ಸೇರಿದೆ.

ಪಿಪೆಟ್ ಸಣ್ಣ ವಿಷಯ ಅನ್ನಿಸಬಹುದು. ಅದರ ಬಟನ್ ಎರಡು ಹಂತದಲ್ಲಿ ಒತ್ತುತ್ತದೆ. ದ್ರವ ಎಳೆಯುವಾಗ ಮೊದಲ ಹಂತದವರೆಗೆ ಮಾತ್ರ ಒತ್ತಿ ಬಿಡಬೇಕು, ಹೊರಗೆ ಹಾಕುವಾಗ ಎರಡನೆಯದರವರೆಗೆ. ಎಳೆಯುವಾಗಲೇ ಪೂರ್ತಿ ಒತ್ತಿದರೆ ಅಳತೆ ಜಾಸ್ತಿ ಬರುತ್ತದೆ, ಅಲ್ಲಿಂದ ಮುಂದಿನ ಪ್ರಯೋಗವೆಲ್ಲ ಕೆಟ್ಟ ಹಾಗೆ. ಸರಿ ಇದೆಯಾ ಅಂತ ನೋಡಲು 100 ಮೈಕ್ರೋಲೀಟರ್ ನೀರನ್ನು ಸೂಕ್ಷ್ಮ ತಕ್ಕಡಿಯ ಮೇಲೆ ಬಿಡುತ್ತೇವೆ. ಹೆಚ್ಚುಕಡಿಮೆ 100 ಮಿಲಿಗ್ರಾಂ ತೂಗಬೇಕು. ಲ್ಯಾಬ್ ಕೆಲಸದ ಇಂಟರ್‌ವ್ಯೂನಲ್ಲಿ ಮಾರ್ಕ್ಸ್ ಕಾರ್ಡ್ ಪಕ್ಕಕ್ಕಿಟ್ಟು ಇದನ್ನೇ ಮಾಡಿ ತೋರಿಸಿ ಅಂದರು. ಪ್ರತಿ ಸಲವೂ ತೂಕ ಒಂದೇ ಥರ ಬಂತು, ಕೆಲಸ ಸಿಕ್ಕಿತು. ಡಿಗ್ರಿಯ ಬೆಲೆ ನನಗೆ ಅಲ್ಲಿ ಕಣ್ಣಿಗೆ ಕಂಡಿತು.

ಸ್ಟ್ಯಾಟಿಸ್ಟಿಕ್ಸನ್ನೂ ಹೀಗೇ ಲೆಕ್ಕ ಹಾಕಿಯೇ ಹಿಡಿದಿದ್ದು. ಮನುಷ್ಯನ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದುವ ಯೋಜನೆ 1990ರಲ್ಲಿ ಶುರುವಾಗಿ 2003ರಲ್ಲಿ ಮುಗಿಯಿತು. ಅಂದಾಜು 300 ಕೋಟಿ ಡಾಲರ್‌ನ ಯೋಜನೆ ಅದು. ಈಗ ಒಬ್ಬರ ಜೀನೋಮ್ ಓದಲು ಸಾವಿರ ಡಾಲರ್ ಕೂಡ ಬೇಕಿಲ್ಲ. ಹಾಗಾಗಿ ಡೇಟಾ ರಾಶಿ ಬೀಳುತ್ತಿದೆ, ಅದನ್ನು ಬಿಡಿಸಿ ಹೇಳುವವರು ಬೇಕು. ಲೆಕ್ಕ ಮಾಡಲು ಆರ್, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗಳು, ಡಿಎನ್‌ಎ ಸಾಲುಗಳನ್ನು ಹೋಲಿಸಿ ನೋಡುವ ಬ್ಲಾಸ್ಟ್, ಅಂಥ ಸಾಲುಗಳ ಸಂಗ್ರಹವಾದ ಜೆನ್‌ಬ್ಯಾಂಕ್‌ನ ಡೇಟಾ, ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ. ರಜೆಗಳಲ್ಲಿ ಪ್ರಕಟವಾದ ಪೇಪರ್‌ಗಳ ಜೊತೆಗಿದ್ದ ಡೇಟಾ ಇಳಿಸಿಕೊಂಡು, ಅವರ ಗ್ರಾಫನ್ನು ನಾನೇ ಮತ್ತೆ ತರಿಸುತ್ತಾ ಕೂರುತ್ತಿದ್ದೆ. ಎರಡೂ ಗ್ರಾಫ್ ಹೊಂದಿಕೊಂಡ ದಿನ ಆಗುತ್ತಿದ್ದ ಖುಷಿ ಯಾವ ಪರೀಕ್ಷೆಯ ರಿಸಲ್ಟ್‌ನಲ್ಲೂ ಸಿಕ್ಕಿಲ್ಲ. ಲ್ಯಾಬ್ ಕೆಲಸದಿಂದ ಡೇಟಾ ಕೆಲಸಕ್ಕೆ ದಾಟುವಾಗ ತೋರಿಸಿದ್ದು ಆ ಫೋಲ್ಡರನ್ನೇ.

ಮಾಸ್ಟರ್ಸ್ ಆಮೇಲೆ ಮಾಡಿದೆ, ಬಯೋಸ್ಟ್ಯಾಟಿಸ್ಟಿಕ್ಸ್‌ನಲ್ಲಿ (ಜೀವವಿಜ್ಞಾನದ ಡೇಟಾಗೆ ಬಳಸುವ ಸ್ಟ್ಯಾಟಿಸ್ಟಿಕ್ಸ್), ಕೆಲಸ ಬಿಡದೆ. ಫೀಸಿನ ಒಂದು ಪಾಲು ಕಂಪನಿಯೇ ಕೊಟ್ಟಿತು. ಪಿಎಚ್‌ಡಿ ಮಾಡಲಿಲ್ಲ, ನನಗೆ ಬೇಕಾದ ಹುದ್ದೆಗಳು ಅದನ್ನು ಕೇಳುತ್ತಿರಲಿಲ್ಲ. ಸಂಶೋಧನೆ ಬಿಟ್ಟು ಇರಲಾರೆ ಅನ್ನುವವರ ಲೆಕ್ಕ ಬೇರೆ, ಅವರು ಖಂಡಿತ ಹೋಗಬೇಕು. ಆದರೆ ಸ್ಟೈಪೆಂಡ್ ಇರುವ ಸೀಟನ್ನೇ ಹುಡುಕಿ, ಕೈಯಿಂದ ಹಾಕಿ ಪಿಎಚ್‌ಡಿ ಮಾಡಬೇಡಿ. ಆ ಲ್ಯಾಬಿನಲ್ಲಿ ಹಿಂದಿನವರು ಮುಗಿಸಲು ಎಷ್ಟು ವರ್ಷ ತೆಗೆದುಕೊಂಡರು ಅನ್ನುವುದನ್ನು ಗೈಡ್ ಹತ್ತಿರ ಕೇಳುವ ಮುಂಚೆ ಅಲ್ಲಿಯ ವಿದ್ಯಾರ್ಥಿಗಳ ಹತ್ತಿರ ಕೇಳಿ.